ಊಟದ ಹಾಲ್‌ನಲ್ಲಿ ಹಿಪ್‌ಹಾಪ್: ಕೋಲಾರದ ಹತ್ತು ಭಾನುವಾರಗಳ ತರಗತಿ ಹೇಗಿದೆ?

ಮೊದಲೇ ಹೇಳಿಬಿಡುವುದು ಒಳ್ಳೆಯದು. ರ‍್ಯಾಪ್ ಬರೆಯಲು ಕಲಿಯಬೇಕು, ನಾಲ್ಕು ಜನರ ನಡುವೆ ಬಾಯಿ ಬಿಡಬೇಕು ಅನ್ನುವವರಿಗೆ ಈ ತರಗತಿಗೆ ಕೊಟ್ಟ ದುಡ್ಡು ಮೋಸವಿಲ್ಲ. ಡಿಜೆ ಆಗಬೇಕು ಅಂತ ಬರುವವರು ಬೇರೆ ಕಡೆ ನೋಡುವುದು ವಾಸಿ. ಬ್ರೇಕಿಂಗ್ (ನೆಲಕ್ಕೆ ಕೈಯೂರಿ ಮಾಡುವ ಹಿಪ್‌ಹಾಪ್ ಕುಣಿತ) ಕಲಿಯುವ ಆಸೆಯಿದ್ದರೆ ಹಾಲ್‌ನ ನೆಲಕ್ಕೊಂದು ಗತಿ ಕಾಣುವ ತನಕ ಕಾಯಿರಿ.

ಜಾಗ ಡೂಂ ಲೈಟ್ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರದ ಒಂದು ಕಲ್ಯಾಣ ಮಂಟಪದ ಊಟದ ಹಾಲ್. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆ, ಹತ್ತು ವಾರ, 1,500 ರೂಪಾಯಿ. ಹಾಸ್ಟೆಲ್ ಮಕ್ಕಳಿಗೆ ಅರ್ಧ. ಲೆಕ್ಕ ಹಾಕಿದರೆ ಗಂಟೆಗೆ ಐವತ್ತು ರೂಪಾಯಿ, ಕೋಲಾರದಲ್ಲಿ ಯಾವ ಟ್ಯೂಷನ್ನೂ ಈ ದರಕ್ಕೆ ಸಿಗುವುದಿಲ್ಲ. ಆದರೆ ಮುಹೂರ್ತವಿದ್ದ ಭಾನುವಾರ ಹಾಲ್ ಮದುವೆಗೆ ಹೋಗುತ್ತದೆ. ಈ ಬ್ಯಾಚ್‌ನಲ್ಲಿ ಎರಡು ತರಗತಿ ಹಾಗೆ ಮುಂದಕ್ಕೆ ಹೋದವು, ಒಂದರ ಸುದ್ದಿ ಬಂದದ್ದು ಹಿಂದಿನ ರಾತ್ರಿ. ಮಾಲೂರು, ಶ್ರೀನಿವಾಸಪುರದ ಕಡೆಯಿಂದ ಬಸ್ಸು ಹಿಡಿದು ಬರುವವರಿಗೆ ಇದು ಸಣ್ಣ ವಿಷಯವಲ್ಲ. ಸೇರುವ ಮುಂಚೆ ಪಂಚಾಂಗ ನೋಡಿಕೊಳ್ಳಿ, ತಮಾಷೆಗೆ ಹೇಳುತ್ತಿಲ್ಲ.

ತರಗತಿಯ ಜೀವ ಇರುವುದು ಬರವಣಿಗೆಯಲ್ಲಿ. ಮೊದಲ ದಿನ ಬೀಟ್ (ಹಿನ್ನೆಲೆಯ ತಾಳ) ಹಾಕುವುದಿಲ್ಲ, ಮೈಕ್ ಕೊಡುವುದಿಲ್ಲ. ಬೋರ್ಡಿನ ಮೇಲೆ ಹದಿನಾರು ಚೌಕ ಬರೆದು, ಒಂದೊಂದು ಚೌಕಕ್ಕೆ ಒಂದೊಂದು ಮಾತ್ರೆ ಎನ್ನುತ್ತಾರೆ. ಹೈಸ್ಕೂಲಿನಲ್ಲಿ ಗುರು ಲಘು ಹಾಕಿ, ಗಣ ವಿಂಗಡಿಸಿ, ಎರಡು ಅಂಕ ತೆಗೆದುಕೊಂಡು ಮರೆತ ಮಂದಾನಿಲ ರಗಳೆ ಇಲ್ಲಿ ಕೆಲಸಕ್ಕೆ ಬರುತ್ತದೆ. ನಾಲ್ಕು ಮಾತ್ರೆಯ ನಾಲ್ಕು ಗಣ ಅಂದರೆ ಹದಿನಾರು. ರ‍್ಯಾಪ್‌ನ ಒಂದು ಬಾರ್‌ನಲ್ಲಿ ನಾಲ್ಕು ಬೀಟ್, ಅಂದರೆ ತಾಳದ ಒಂದು ಆವರ್ತದಲ್ಲಿ ನಾಲ್ಕು ಪೆಟ್ಟು, ಬೀಟಿಗೆ ನಾಲ್ಕು ಸಣ್ಣ ತುಂಡು, ಅದೂ ಹದಿನಾರೇ. ನಿಮಿಷಕ್ಕೆ 90 ಬೀಟ್‌ನ ವೇಗದಲ್ಲಿ ಒಂದು ಬಾರ್ ಮುಗಿಯಲು 2.67 ಸೆಕೆಂಡು ಬೇಕು, ಅಂದರೆ ಸೆಕೆಂಡಿಗೆ ಆರು ಮಾತ್ರೆ. ನಾಲಿಗೆ ತೊಡರದೆ ಹೇಳಬಹುದಾದ ವೇಗ ಇದು. ಹದಿನಾರು ಬಾರ್‌ನ ಒಂದು ಪದ್ಯ 43 ಸೆಕೆಂಡಿಗೆ ಮುಗಿದುಹೋಗುತ್ತದೆ. ಮೂರು ಪುಟ ಬರೆದುಕೊಂಡು ಬಂದ ಹುಡುಗರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲೇ.

ಎರಡನೆಯ ಪೆಟ್ಟು ಪ್ರಾಸದ್ದು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಸಾಲಿನ ಕೊನೆಯ ಪ್ರಾಸ ಪುಕ್ಕಟೆ ಸಿಗುತ್ತದೆ. ಹೋಗ್ತೀನಿ, ಬರ್ತೀನಿ, ನೋಡ್ತೀನಿ ಅಂತ ಇಡೀ ದಿನ ಪ್ರಾಸ ಹೊಡೆಯಬಹುದು, ಯಾರ ಕಿವಿಯೂ ನೆಟ್ಟಗಾಗುವುದಿಲ್ಲ. ಬೋರ್ಡಿನ ಮೇಲೆ ಬಂದ ಒಂದು ಜೋಡಿ ಹೀಗಿತ್ತು:

ನಾನು ದಿನವೂ ರೈಲಿಗೆ ಹೋಗ್ತೀನಿ
ಕೆಲಸ ಮುಗಿಸಿ ಮನೆಗೆ ಬರ್ತೀನಿ

ಮೊದಲ ಸಾಲಿನಲ್ಲಿ ಮಾತ್ರೆ ಎಣಿಸಿದರೆ ಸರಿಯಾಗಿ ಹದಿನಾರು. ಆದರೂ ಬೀಟಿನ ಮೇಲೆ ಹೇಳಿದರೆ ಕುಂಟುತ್ತದೆ. ಯಾಕೆ? ಬೀಟು ಬೀಳುವುದು ಒಂದು, ಐದು, ಒಂಬತ್ತು, ಹದಿಮೂರನೇ ಮಾತ್ರೆಗಳ ಮೇಲೆ. ಇಲ್ಲಿ ಐದನೆಯದು 'ದಿನವೂ' ಪದದ ನಡುವಿನ 'ನ'. ಒಂಬತ್ತನೆಯದು 'ರೈ' ಅಕ್ಷರದ ಬಾಲ, ಹದಿಮೂರನೆಯದು 'ಹೋ'ದ ಬಾಲ. ಅಂದರೆ ಮೊದಲನೆಯದನ್ನು ಬಿಟ್ಟು ಯಾವ ಬೀಟಿನ ಮೇಲೂ ಪದ ಶುರುವಾಗುವುದಿಲ್ಲ. ಎರಡನೇ ಸಾಲು ಹದಿನಾಲ್ಕಕ್ಕೇ ನಿಂತುಬಿಡುತ್ತದೆ. ಅದನ್ನೇ ತಿದ್ದಿ ಬರೆದದ್ದು:

ಕತ್ತಲೆ ಹರಿಯದ ಬಂಗಾರಪೇಟೆ
ಹತ್ತಿದ ರೈಲಲಿ ಸೀಟಿಗೆ ಬೇಟೆ

ಕ್ರಿಯಾಪದವನ್ನು ಕೊನೆಯಿಂದ ಎತ್ತಿ ಒಗೆದಿದ್ದಾರೆ. 'ಕತ್ತಲೆ', 'ಹತ್ತಿದ' ಎಂಬಲ್ಲಿ ಎರಡನೇ ಅಕ್ಷರದ ಪ್ರಾಸ ಬಂತು, ಹಳಗನ್ನಡದ ಕವಿಗಳು ಬಿಡದೆ ಪಾಲಿಸಿದ ಆದಿಪ್ರಾಸವೇ ಅದು. ಕೊನೆಗೆ 'ಪೇಟೆ', 'ಬೇಟೆ'. ಎರಡನೇ ಸಾಲಿನಲ್ಲಿ ಹದಿನೈದೇ ಮಾತ್ರೆ, ಉಳಿದ ಒಂದು ಉಸಿರಿಗೆ. ಮೊದಲ ಸಾಲಿನ ನಾಲ್ಕನೇ ಬೀಟು 'ಬಂಗಾರಪೇಟೆ'ಯ ನಡುವಿನ 'ರ' ಮೇಲೆ ಬೀಳುತ್ತದೆ, ಸ್ನೇರ್ ಡ್ರಮ್ ಹೊಡೆದ ಒಂದು ಮಾತ್ರೆಯ ನಂತರ 'ಪೇ' ಏಳುತ್ತದೆ. ಅದು ತಪ್ಪಲ್ಲ, ಆ ಸಾಲಿನ ರುಚಿಯೇ ಅದು. ಬೆಂಗಳೂರಿಗೆ ಬೆಳಗಿನ ರೈಲು ಹಿಡಿಯುವ ಮನೆಗಳ ಮಕ್ಕಳಿಗೆ ಅರ್ಥ ವಿವರಿಸುವ ಅಗತ್ಯವೂ ಬೀಳಲಿಲ್ಲ.

ನಾಲ್ಕನೇ ವಾರ ಇನ್ನೂ ಮುಂದೆ ಹೋಗುತ್ತಾರೆ. ಭಾಮಿನಿ ಷಟ್ಪದಿಯ ಮೊದಲ ಸಾಲಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಸೇರಿ ಹದಿನಾಲ್ಕು ಮಾತ್ರೆ. ಬಾರ್ ತುಂಬಲು ಎರಡು ಮಾತ್ರೆ ಮೌನ. ಆ ಮೌನವನ್ನು ಸಾಲಿನ ಕೊನೆಗೆ ಇಡುವ ಬದಲು ಮೊದಲಿಗೆ ಇಟ್ಟು ನೋಡಿ ಅನ್ನುತ್ತಾರೆ, ಪದ್ಯದ ನಡಿಗೆಯೇ ಬದಲಾಗುತ್ತದೆ. ಲಲಿತ ರಗಳೆ ಐದರ ಲೆಕ್ಕದ್ದು, ಸಾಲಿಗೆ ಇಪ್ಪತ್ತು. ಅದು ಬಾರ್‌ಗೆ ಹೊಂದುವುದಿಲ್ಲ, ಸಾಲಿನಿಂದ ಸಾಲಿಗೆ ಒಂದೊಂದು ಬೀಟು ಜಾರುತ್ತಾ ಹೋಗುತ್ತದೆ. ಆದರೆ ನಾಲ್ಕು ಸಾಲಿಗೆ ಎಂಬತ್ತು ಮಾತ್ರೆಯಾಗಿ ಸರಿಯಾಗಿ ಐದು ಬಾರ್ ಮುಗಿದ ಮೇಲೆ ಮತ್ತೆ 'ಒಂದು' ಎಂಬಲ್ಲಿಗೆ ಬಂದು ಕೂಡುತ್ತದೆ. ಕೂಡಿದ ಕ್ಷಣ ಹಾಲ್ ತುಂಬ ಚಪ್ಪಾಳೆ ಬಿತ್ತು. ಇದನ್ನು ಕಲಿಸುವವರು ಛಂದಸ್ಸನ್ನೂ ಬಲ್ಲವರು, ಬೀಟನ್ನೂ ಬಲ್ಲವರು. ಇಬ್ಬರು ಬೇರೆ ಬೇರೆ ಮೇಷ್ಟ್ರು ಬಂದಿದ್ದರೆ ಇದು ಆಗುತ್ತಿರಲಿಲ್ಲ.

ಶಾಲೆಯ ಪಾಠದ ವಿಷಯವನ್ನು ಪದ್ಯಕ್ಕೆ ತರಲು ಒಂದು ಭಾನುವಾರ ಮೀಸಲು. ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಟೀಚರ್ಸ್ ಕಾಲೇಜಿನ ಕ್ರಿಸ್ಟೋಫರ್ ಎಮ್ಡಿನ್ ಅವರು ವೂ-ಟ್ಯಾಂಗ್ ಕ್ಲಾನ್‌ನ ರ‍್ಯಾಪರ್ ಜಿಝಾ ಜೊತೆ ಸೇರಿ ಸರ್ಕಾರಿ ಶಾಲೆಗಳಲ್ಲಿ ವಿಜ್ಞಾನದ ರ‍್ಯಾಪ್ ಸ್ಪರ್ಧೆ ಶುರು ಮಾಡಿದ್ದರು, ಅದರ ಮಾದರಿ ಇದು. ಇಲ್ಲಿ ಮಕ್ಕಳು ಆರಿಸಿಕೊಂಡ ವಿಷಯ ಕೆ.ಸಿ. ವ್ಯಾಲಿ: ಬೆಂಗಳೂರಿನ ಚರಂಡಿ ನೀರು ಎರಡು ಹಂತ ಶುದ್ಧವಾಗಿ 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿರುವುದು, ಮೂರನೇ ಹಂತ ಬೇಕೋ ಬೇಡವೋ ಎಂಬ ಜಗಳ. ನಿಯಮ ಒಂದೇ, ವಿಜ್ಞಾನದ ಪದ ಬಂದರೆ ಅದು ಏನು ಮಾಡುತ್ತದೆ ಅಂತ ಮುಂದಿನ ಸಾಲಿನಲ್ಲಿ ಹೇಳಲೇಬೇಕು. 'ನೈಟ್ರೇಟ್' ಅಂತ ಸದ್ದು ಮಾಡಿ ಓಡಿಹೋಗುವಂತಿಲ್ಲ. ಈ ಒಂದು ನಿಯಮಕ್ಕೆ ಶಾಲೆಯವರು ಬಂದು ನೋಡಬೇಕು.

ಧ್ವನಿಯ ವಿಷಯಕ್ಕೆ ಬರೋಣ. ಊಟದ ಹಾಲ್‌ಗೆ ತಗಡಿನ ಮಾಡು, ಕಲ್ಲಿನ ನೆಲ, ಬರಿಯ ಗೋಡೆ. ಚಪ್ಪಾಳೆ ಹೊಡೆದರೆ ಮೂರು ಚಪ್ಪಾಳೆ ಕೇಳುತ್ತದೆ. ಒತ್ತಕ್ಷರಗಳೆಲ್ಲ ಅದರಲ್ಲಿ ಕಲಸಿಹೋಗುತ್ತವೆ. ಮೂಲೆಯೊಂದರಲ್ಲಿ ನಾಲ್ಕು ಕಂಬಳಿ ತೂಗುಹಾಕಿ ಅದರೊಳಗೆ ರೆಕಾರ್ಡ್ ಮಾಡುವ ಉಪಾಯ ಚೆನ್ನಾಗಿದೆ. ಉಣ್ಣೆಯ ಕುರುಬರ ಕಂಬಳಿ ಬೆಡ್‌ಶೀಟಿಗಿಂತ ಎಷ್ಟೋ ಪಾಲು ಹೆಚ್ಚು ಸದ್ದು ಕುಡಿಯುತ್ತದೆ, ಗೋಡೆಗೆ ಅಂಟಿಸದೆ ಅರ್ಧ ಅಡಿ ಬಿಟ್ಟು ತೂಗಿದರೆ ಇನ್ನೂ ಚೆನ್ನ.

ಮೈಕ್ ಹಿಡಿಯುವುದನ್ನು ಕಲಿಸಲು ಅರ್ಧ ಗಂಟೆ ಕೊಡುತ್ತಾರೆ, ಅಷ್ಟೂ ಬೇಕು. ವಿಡಿಯೋ ನೋಡಿ ಬಂದ ಪ್ರತಿಯೊಬ್ಬರೂ ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿಯುತ್ತಾರೆ. ಹಾಡುವ ಮೈಕು ಮುಂದಿನ ಸದ್ದನ್ನು ಹಿಡಿದು ಹಿಂದಿನದನ್ನು ಬಿಡುವುದು ತಲೆಯ ಹಿಂಭಾಗದ ಕಿಂಡಿಗಳಿಂದ. ಅದನ್ನು ಮುಚ್ಚಿದರೆ ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಹೀರುತ್ತದೆ, ಸ್ಪೀಕರಿನ ಸದ್ದು ತಿರುಗಿ ಒಳಗೆ ಹೋಗಿ ಕುಯ್ಯೋ ಅನ್ನುತ್ತದೆ, ಮಾತು ಹಂಡೆಯೊಳಗಿಂದ ಬಂದಂತಾಗುತ್ತದೆ. ಹಿಡಿಯಬೇಕಾದ್ದು ಹಿಡಿಯನ್ನು, ತುಟಿಯಿಂದ ಎರಡು ಮೂರು ಬೆರಳು ದೂರ, ಸ್ವಲ್ಪ ಓರೆಯಾಗಿ. ಓರೆ ಯಾಕೆಂದರೆ ಪ, ಫ, ಬ, ಭ ಅಕ್ಷರಗಳ ಗಾಳಿ ನೇರ ಒಳಗೆ ನುಗ್ಗಿ ಢಬ್ ಅನ್ನುತ್ತದೆ.

ಇನ್ನೊಂದು ಎಡವಟ್ಟು ಮನೆಗೆಲಸದ್ದು. ಮೊಬೈಲಿನಲ್ಲಿ ಬೀಟ್ ಹಾಕಿಕೊಂಡು ಪದ್ಯ ರೆಕಾರ್ಡ್ ಮಾಡಿ ತನ್ನಿ ಅಂದರೆ, ಅರ್ಧ ಮಕ್ಕಳ ಪದ್ಯ ಬೀಟಿನ ಹಿಂದೆ ತೇಕುತ್ತಾ ಬಂತು. ಲಯ ಇಲ್ಲ ಅಂತ ಬೈಸಿಕೊಂಡವರ ತಪ್ಪಲ್ಲ ಅದು, ಬ್ಲೂಟೂತ್ ಇಯರ್‌ಫೋನಿನದು. ಅದರಲ್ಲಿ ಸದ್ದು ಕಿವಿ ಮುಟ್ಟುವುದೇ ಸುಮಾರು 150ರಿಂದ 200 ಮಿಲಿಸೆಕೆಂಡು ತಡವಾಗಿ. ತೊಂಬತ್ತರ ವೇಗದಲ್ಲಿ ಒಂದು ಮಾತ್ರೆ 167 ಮಿಲಿಸೆಕೆಂಡು. ಅಂದರೆ ಇಡೀ ಪದ್ಯ ಒಂದು ಮಾತ್ರೆ ಹಿಂದೆ ಬಿದ್ದಿರುತ್ತದೆ. ಸಂತೆಯಲ್ಲಿ ಸಿಗುವ ನೂರು ರೂಪಾಯಿಯ ವೈರಿನ ಇಯರ್‌ಫೋನ್ ಈ ಕೆಲಸಕ್ಕೆ ಎರಡು ಸಾವಿರದ್ದಕ್ಕಿಂತ ಮೇಲು. ಈ ಮಾತನ್ನು ಮೂರನೇ ವಾರ ಹೇಳುವ ಬದಲು ಮೊದಲ ದಿನವೇ ಹೇಳಿದ್ದರೆ ಒಂದಿಬ್ಬರು ಬಿಟ್ಟುಹೋಗುತ್ತಿರಲಿಲ್ಲ.

ಕೊನೆಯ ಮುಕ್ಕಾಲು ಗಂಟೆ ಸೈಫರ್. ಸುತ್ತಲೂ ನಿಲ್ಲುವುದು, ನಡುವೆ ಯಾರೂ ಇಲ್ಲ, ಒಬ್ಬರ ನಂತರ ಒಬ್ಬರು ಎಂಟೆಂಟು ಬಾರ್. ಎಂಟು ಬಾರ್ ಅಂದರೆ 21 ಸೆಕೆಂಡು. ಹತ್ತು ಜನರ ಸುತ್ತು ಮೂರೂವರೆ ನಿಮಿಷಕ್ಕೆ ತಿರುಗಿ ಬರುತ್ತದೆ, ಮೈ ಬಿಸಿ ಆರುವುದರೊಳಗೆ ಮತ್ತೆ ಸರದಿ. ಆದರೆ ಇಲ್ಲಿ 22 ಜನರನ್ನು ಒಂದೇ ಸುತ್ತಿಗೆ ನಿಲ್ಲಿಸುತ್ತಾರೆ, ಸರದಿಗೆ ಹತ್ತಿರ ಹತ್ತಿರ ಎಂಟು ನಿಮಿಷ ಕಾಯಬೇಕು. ಐದನೇ ನಿಮಿಷಕ್ಕೆ ಹಿಂದಿನವರು ಫೋನ್ ತೆಗೆಯುತ್ತಾರೆ. ಎರಡು ಸುತ್ತು ಮಾಡಿ ಅಂತ ಹೇಳಿದರೆ ಸ್ಪೀಕರ್ ಒಂದೇ ಇದೆ ಎಂಬ ಉತ್ತರ. ಇನ್ನೊಂದು ಸುತ್ತಿಗೆ ಸ್ಪೀಕರ್ ಯಾಕೆ ಬೇಕು? ಬ, ಟ್ಸ್, ಕ, ಟ್ಸ್ ಅಂತ ಬಾಯಲ್ಲೇ ಬೀಟ್ ಹಾಕುವುದನ್ನು ಇವರೇ ಎರಡನೇ ವಾರ ಕಲಿಸಿದ್ದಾರೆ.

ಭಾಷೆಯ ವಿಷಯದಲ್ಲಿ ಮಾತ್ರ ಸೈಫರ್‌ನ ನಿಯಮ ಬಹಳ ಜಾಣತನದ್ದು. ಕೋಲಾರದ ಮನೆಗಳಲ್ಲಿ ತೆಲುಗು, ಉರ್ದು, ಕೆಜಿಎಫ್ ಕಡೆಯ ಮಕ್ಕಳಲ್ಲಿ ತಮಿಳು. ಯಾವ ಭಾಷೆಯಲ್ಲಾದರೂ ಹೇಳಬಹುದು, ಮುಗಿದ ಮೇಲೆ ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಸಾರ ಹೇಳಬೇಕು. ರಾಬರ್ಟ್‌ಸನ್‌ಪೇಟೆಯ ಹುಡುಗಿಯೊಬ್ಬಳು 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ಬಗ್ಗೆ, ಗಾಳಿ ಎದ್ದರೆ ಮನೆಯೊಳಗೆ ಬರುವ ಸೈನೈಡ್ ದಿಬ್ಬದ ದೂಳಿನ ಬಗ್ಗೆ ತಮಿಳಿನಲ್ಲಿ ಎಂಟು ಬಾರ್ ಹೇಳಿ, ಕನ್ನಡದಲ್ಲಿ 'ತಾತ ಅಗೆದದ್ದು ನಮ್ಮ ತಟ್ಟೆಗೆ ಬೀಳ್ತದೆ' ಅಂದು ಸುಮ್ಮನಾದಳು. ಆ ವಾರ ಬೇರೆ ಯಾರ ಸಾಲೂ ಅಷ್ಟು ಉಳಿಯಲಿಲ್ಲ.

'ಮನಸ್ಸಿನ ಗಾಯ ಮಾಯುತ್ತದೆ' ಅಂತ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಇಲ್ಲಿ ಎಚ್ಚರಿಕೆ ಬೇಕು. ಹಿಪ್‌ಹಾಪ್ ಥೆರಪಿ ಎಂಬುದು ಗಾಳಿಮಾತಲ್ಲ, ಸಮಾಜಕಾರ್ಯದ ಸಂಶೋಧಕ ಎಡ್ಗರ್ ಟೈಸನ್ 2002ರಲ್ಲೇ ಅದರ ಅಧ್ಯಯನ ಪ್ರಕಟಿಸಿದ್ದಾರೆ. ಆದರೆ ಅದನ್ನು ನಡೆಸುವವರು ತರಬೇತಿ ಪಡೆದವರು. ಈ ತರಗತಿಯಲ್ಲಿ ಆಪ್ತಸಮಾಲೋಚಕರು ಯಾರೂ ಇಲ್ಲ. ಆರನೇ ವಾರ 'ನಿನಗೆ ಅತಿ ನೋವಾದ ದಿನ ಬರಿ' ಅಂತ ಕೊಟ್ಟು, ಬರೆದದ್ದನ್ನು ಸುತ್ತಿನಲ್ಲಿ ಓದಿಸಿದರು. ಓದುತ್ತಾ ಒಬ್ಬ ಹುಡುಗ ನಡುವೆಯೇ ನಿಂತುಹೋದ, ಬೀಟು ಮಾತ್ರ ಓಡುತ್ತಿತ್ತು. ಬೀಟ್ ನಿಲ್ಲಿಸಲು ಯಾರಿಗೂ ತೋಚಲಿಲ್ಲ. ಇಂಥ ಅಭ್ಯಾಸಕ್ಕೆ ಮೂರು ನಿಯಮ ಮೊದಲೇ ಇರಬೇಕಿತ್ತು: ಬರೆದ ಹಾಳೆ ಬರೆದವರದ್ದೇ, ಮೇಷ್ಟ್ರು ಕೇಳುವಂತಿಲ್ಲ; ಓದದೆ 'ಪಾಸ್' ಅಂದವರನ್ನು ಕಾರಣ ಕೇಳುವಂತಿಲ್ಲ; 'ನಾನು' ಎಂಬ ಜಾಗದಲ್ಲಿ 'ಅವನು' ಅಂತ ಬರೆಯುವ ಸ್ವಾತಂತ್ರ್ಯ. ಗೋಡೆಯ ಮೇಲೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416, ಮಕ್ಕಳ ಸಹಾಯವಾಣಿ 1098 ಬರೆದು ಅಂಟಿಸಲು ಒಂದು ಚಾರ್ಟ್ ಸಾಕು. ಮುಂದಿನ ವಾರ ಅಂಟಿಸಿದರು ಅನ್ನುವುದು ಸಮಾಧಾನ.

ಹೀಗೆ ಸುತ್ತು ಸೇರುವುದರ ಹಿಂದಿನ ಕತೆಯನ್ನು ಅವರು ಹೇಳಿದ ರೀತಿ ಮೆಚ್ಚುವಂಥದ್ದು. 1971ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಘೆಟ್ಟೋ ಬ್ರದರ್ಸ್ ಎಂಬ ಗ್ಯಾಂಗಿನ ಬ್ಲ್ಯಾಕ್ ಬೆಂಜಿ ಜಗಳ ಬಿಡಿಸಲು ಹೋಗಿ ಕೊಲೆಯಾದ. ಸೇಡು ತೀರಿಸಬೇಕಿದ್ದ ಗುಂಪು ಅದರ ಬದಲು ಡಿಸೆಂಬರ್ 8ರಂದು ಹೋ ಅವೆನ್ಯೂದಲ್ಲಿ ಹಲವು ಗ್ಯಾಂಗುಗಳನ್ನು ಕೂರಿಸಿ ರಾಜಿ ಮಾಡಿತು. ಒಬ್ಬರ ಏರಿಯಾಕ್ಕೆ ಇನ್ನೊಬ್ಬರು ಕಾಲಿಡುವಂತಾದ ಮೇಲೆಯೇ ಹಿಪ್‌ಹಾಪ್ ಬೆಳೆದ ಬೀದಿಯ ಪಾರ್ಟಿಗಳು ಸಾಧ್ಯವಾದವು. ಹಿಪ್‌ಹಾಪ್‌ನಲ್ಲಿ ಡಿಜೆ, ಎಂಸಿ (ರ‍್ಯಾಪ್ ಹೇಳುವವರು), ಬ್ರೇಕಿಂಗ್, ಗ್ರಾಫಿಟಿ (ಗೋಡೆಯ ಅಕ್ಷರಚಿತ್ರ) ಜೊತೆಗೆ ಜ್ಞಾನವನ್ನು ಐದನೇ ಅಂಗ ಅಂತ ಯಾಕೆ ಎಣಿಸುತ್ತಾರೆ ಅನ್ನುವುದು ಆಗ ಅರ್ಥವಾಗುತ್ತದೆ.

ಡಿಜೆ ಪಾಠ ಹೆಸರಿಗಷ್ಟೇ. ಹಾಡು ಬೆರೆಸುವ ಕಂಟ್ರೋಲರ್ ಯಂತ್ರ ಒಂದು, ಒಂದೂವರೆ ಗಂಟೆ, 22 ಜನ: ತಲಾ ನಾಲ್ಕು ನಿಮಿಷ. ಇದ್ದದ್ದರಲ್ಲಿ ಒಳ್ಳೆಯದು ಬ್ರಾಂಕ್ಸ್‌ನ ಡಿಜೆ ಕೂಲ್ ಹರ್ಕ್‌ನ ಕೈಚಳಕವನ್ನು ಮಾಡಿಸಿ ತೋರಿಸಿದ್ದು. 1973ರ ಆಗಸ್ಟ್ 11ರಂದು 1520 ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದ ಸಾಮಾನ್ಯ ಹಾಲ್‌ನಲ್ಲಿ ತಂಗಿ ಸಿಂಡಿ ಇಟ್ಟ ಪಾರ್ಟಿಗೆ ಹಾಡು ಹಾಕಿದವನು ಅವನು. ಶಾಲೆಗೆ ಹೊಸ ಬಟ್ಟೆ ತಗೊಳ್ಳಲು ಅವಳು ಟಿಕೆಟ್ ಇಟ್ಟಿದ್ದಳು, ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಡ್ರಮ್ ಮಾತ್ರ ಇರುವ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ ಅದನ್ನೇ ಮತ್ತೆ ಹಾಕುವುದು ಅವನ ವಿದ್ಯೆ. ನೂರರ ವೇಗದಲ್ಲಿ ನಾಲ್ಕು ಬಾರ್‌ನ ಬ್ರೇಕ್ 9.6 ಸೆಕೆಂಡು. ಅಷ್ಟರಲ್ಲಿ ತಿರುಗಿಸಿ, ಹೆಡ್‌ಫೋನಿನಲ್ಲಿ ಕೇಳಿ, ಒಂದರ ಸದ್ದು ತಗ್ಗಿಸಿ ಇನ್ನೊಂದನ್ನು ಏರಿಸುವ ಫೇಡರ್ ತಳ್ಳಬೇಕು. ಗುಂಡಿ ಒತ್ತಿದರೆ ತಾನೇ ಹಿಂದಕ್ಕೆ ಹೋಗುವ ಸೌಲಭ್ಯ ಕಂಟ್ರೋಲರ್‌ನಲ್ಲಿದ್ದರೂ ಮೊದಲ ಮೂರು ಸಲ ಅದನ್ನು ಮುಟ್ಟಲು ಬಿಡಲಿಲ್ಲ. ಸರಿಯಾದ ಕಟ್ಟುನಿಟ್ಟು, ಆದರೆ ನಾಲ್ಕು ನಿಮಿಷದಲ್ಲಿ ಮೂರು ಸಲವೂ ಆಗುವುದಿಲ್ಲ.

ಬ್ರೇಕಿಂಗ್‌ಗೆ ಬಂದರೆ ದೂರೇ ಜಾಸ್ತಿ. ಪಾಲಿಶ್ ಮಾಡಿದ ಗ್ರಾನೈಟ್ ನೆಲ, ಹಿಂದಿನ ರಾತ್ರಿ ಆರತಕ್ಷತೆ ನಡೆದಿದ್ದರೆ ಬಾಗಿಲ ಹತ್ತಿರ ಸಾರಿನ ಎಣ್ಣೆಯ ಜಿಡ್ಡು ಇನ್ನೂ ಇರುತ್ತದೆ. ಕೈಯೂರಿ ಸುತ್ತ ಕಾಲಾಡಿಸುವ ಸಿಕ್ಸ್-ಸ್ಟೆಪ್ ಮಾಡುವಾಗ ಅಂಗೈ ಜಾರಿದರೆ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಕೈ, ತಲೆ ಊರಿ ಕಾಲೆತ್ತಿ ನಿಲ್ಲುವ ಬೇಬಿ ಫ್ರೀಜ್ ಹೇಳಿಕೊಡುವಾಗ ಮೊಣಕೈಯನ್ನು ಸೊಂಟದ ಮೂಳೆಯ ಒಳಬದಿಗೆ ಒತ್ತಿ ನಿಲ್ಲಿಸುವುದನ್ನು ಅವಸರದಲ್ಲಿ ದಾಟಿಸಿದರು. ಮೊಣಕೈ ಹೊಟ್ಟೆಗೆ ಜಾರಿದರೆ ಭಾರವೆಲ್ಲ ಕುತ್ತಿಗೆಗೆ ಬೀಳುತ್ತದೆ, ನೆತ್ತಿ ಬರಿಯ ಆಸರೆ ಆಗಬೇಕೇ ಹೊರತು ಕಂಬ ಆಗಬಾರದು. ಪರಿಹಾರ ದುಬಾರಿಯದ್ದಲ್ಲ. ಎಂಟು ನಾಲ್ಕು ಅಡಿಯ, 12 ಮಿಲಿಮೀಟರ್ ದಪ್ಪದ ಮೂರು ಪ್ಲೈವುಡ್ ಹಾಳೆ, ಅಡಿಗೆ ರಬ್ಬರ್ ಚಾಪೆ, ಸಂದಿಗೆ ಟೇಪು: ಎಂಟು ಹನ್ನೆರಡು ಅಡಿಯ ನೆಲ ಸಿದ್ಧ, ತರಗತಿ ಮುಗಿದ ಮೇಲೆ ಗೋಡೆಗೆ ಒರಗಿಸಿಡಬಹುದು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರಲ್ಲಿ ಬ್ರೇಕಿಂಗ್ ಇತ್ತು ಅಂತ ಪೋಷಕರಿಗೆ ಹೇಳಿ ಸೇರಿಸಿಕೊಳ್ಳುತ್ತಾರೆ, 2028ರ ಪಟ್ಟಿಯಲ್ಲಿ ಅದು ಇಲ್ಲ ಅನ್ನುವುದನ್ನೂ ಹೇಳಬೇಕು. ಸ್ಪೋರ್ಟ್ಸ್ ಕೋಟಾ ಕೇಳಿದ ಅಪ್ಪ ಒಬ್ಬರಿದ್ದರು.

ಗ್ರಾಫಿಟಿ ಒಂದೇ ದಿನ, ಚಾರ್ಟ್ ಪೇಪರ್ ಮೇಲೆ. ಇಂಗ್ಲಿಷ್ ಅಕ್ಷರದ ಬಾಣಗಳು ಪಕ್ಕಕ್ಕೆ ಚಾಚುತ್ತವೆ, ಕನ್ನಡದ ಒತ್ತಕ್ಷರ ಕೆಳಕ್ಕೆ ಇಳಿಯುವುದರಿಂದ ಬಾಣವನ್ನೂ ಕೆಳಕ್ಕೇ ಬಿಡಿ, ತಲೆಕಟ್ಟನ್ನು ಮೇಲಕ್ಕೆ ಎಳೆಯಿರಿ ಎಂಬ ಒಂದು ಸಲಹೆಗೇ ಆ ದಿನ ಸಾರ್ಥಕ.

ಒಂದು ಆಕ್ಷೇಪಣೆ ಬಾಕಿ ಇದೆ. ಬೀಟುಗಳಲ್ಲಿ ಅರ್ಧಕ್ಕರ್ಧ ತಮಟೆಯ ತುಣುಕುಗಳು, ಬೆಂಕಿಗೆ ಹಿಡಿದು ಚರ್ಮ ಬಿಗಿಮಾಡಿದ ತಮಟೆ ಅಂತ ಕೇಳಿದ ತಕ್ಷಣ ಗೊತ್ತಾಗುತ್ತದೆ. ಸೊಗಸಾಗಿವೆ. ಆದರೆ ನುಡಿಸಿದವರು ಯಾರು, ಅವರಿಗೆ ಏನು ಕೊಟ್ಟಿರಿ ಎಂದರೆ 'ಜಾತ್ರೆಯಲ್ಲಿ ರೆಕಾರ್ಡ್ ಮಾಡಿದ್ದು' ಎಂಬ ಉತ್ತರ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ತಮಟೆಗಾಗಿ ಪದ್ಮಶ್ರೀ ಬಂದ ಸೀಮೆ ಇದು. ಸಾವಿಗೂ ಜಾತ್ರೆಗೂ ಬಡಿಸಿಕೊಂಡು ದೂರ ನಿಲ್ಲಿಸಿದ ಜನರ ವಾದ್ಯ ಅದು. ಯಾರ ಸದ್ದು ಅಂತ ಹೇಳದೆ ಎತ್ತಿಕೊಂಡು, ಅದರ ಮೇಲೆ ನಿಂತು ಮಕ್ಕಳಿಗೆ ಸಮಾನತೆಯ ಪದ್ಯ ಬರೆಸುವುದು ಸರಿ ಕಾಣುವುದಿಲ್ಲ. ಒಂದು ಭಾನುವಾರ ಕಲಾವಿದರೊಬ್ಬರನ್ನು ಸಂಭಾವನೆ ಕೊಟ್ಟು ಕರೆಸಿ, ಎರಡು ಕಡ್ಡಿಗಳಲ್ಲಿ ಎಡಗೈಯದು ಏನು ಮಾಡುತ್ತದೆ, ಬಲಗೈಯದು ಏನು ಮಾಡುತ್ತದೆ ಅಂತ ಕಲಿಸಿಸಲಿ. ಡಿಜೆ ಪಾಠಕ್ಕೆ ಇಟ್ಟ ಸಮಯವನ್ನು ಅದಕ್ಕೆ ಕೊಟ್ಟರೂ ನಷ್ಟವಿಲ್ಲ.

ಸೇರುವವರು ತರಬೇಕಾದ್ದು: ಚೌಕಳಿ ಗೆರೆಯ ಲೆಕ್ಕದ ಪುಸ್ತಕ, ಒಂದು ಚೌಕಕ್ಕೆ ಒಂದು ಮಾತ್ರೆ ಬರೆಯಲು ಅನುಕೂಲ. ವೈರಿನ ಇಯರ್‌ಫೋನ್. ಬ್ರೇಕಿಂಗ್ ದಿನ ಪೂರ್ತಿ ತೋಳಿನ ಅಂಗಿ, ಮಣಿಕಟ್ಟಿಗೆ ಪಟ್ಟಿ. ನೀರಿನ ಬಾಟಲಿ, ಹಾಲ್‌ನ ನಲ್ಲಿ ಮದುವೆ ಇದ್ದ ದಿನ ಮಾತ್ರ ಬರುತ್ತದೆ. ಹತ್ತಕ್ಕೆ ಹದಿನೈದು ನಿಮಿಷ ಮೊದಲೇ ಹೋದರೆ ಕಂಬಳಿ ಮೂಲೆ ಖಾಲಿ ಸಿಗುತ್ತದೆ.